ಅದೇ ಲೆಕ್ಕ, ಅದೇ ಉತ್ತರ, ಹ್ಯಾಶ್ ಮಾತ್ರ ಬೇರೆ

ಪ್ರಶ್ನೆ: ಭಾರತ ಹವಾಮಾನ ಇಲಾಖೆಯ ದೈನಿಕ ಮಳೆ ದತ್ತಾಂಶದಿಂದ ಕಾವೇರಿ ಜಲಾನಯನದ ಮಾಸಿಕ ಸರಾಸರಿ ತೆಗೆಯುವುದು ನನ್ನ ಪಿಎಚ್‌.ಡಿ ಕೆಲಸದ ಒಂದು ಭಾಗ. ಅದಕ್ಕೆ ಸಿಡಿಒ ಎಂಬ ಸಾಧನ ಮತ್ತು ಒಂದಷ್ಟು ಪೈಥಾನ್ ಬಳಸುತ್ತೇನೆ. ಅದೇ ಇನ್‌ಪುಟ್, ಅದೇ ಸ್ಕ್ರಿಪ್ಟ್, ಅದೇ ಲ್ಯಾಪ್‌ಟಾಪ್. ಎರಡು ಸಲ ಓಡಿಸಿದರೆ ಬರುವ ನೆಟ್‌ಸಿಡಿಎಫ್ ಫೈಲುಗಳ ಗಾತ್ರ ಒಂದೇ, ನಕ್ಷೆಗಳೂ ಒಂದೇ. ಆದರೆ ಎಸ್‌ಎಚ್‌ಎ-256 ಹ್ಯಾಶ್ ಮಾತ್ರ ಪ್ರತಿ ಸಲವೂ ಬೇರೆ. ‘ತಲೆ ಕೆಡಿಸಿಕೊಳ್ಳಬೇಡಿ’ ಅನ್ನುತ್ತಾರೆ ನಮ್ಮ ಮಾರ್ಗದರ್ಶಕರು. ಕೆಡಿಸಿಕೊಳ್ಳಬೇಕೋ ಬೇಡವೋ? ಬೈಟಿಗೆ ಬೈಟ್ ಒಂದೇ ಆಗಿರುವ ಫೈಲು ಬರುವಂತೆ ಮಾಡಲು ಸಾಧ್ಯವೇ?

— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಸ್ವಲ್ಪ ಕೆಡಿಸಿಕೊಳ್ಳಿ. ಮಾರ್ಗದರ್ಶಕರ ಮಾತು ಸುಳ್ಳಲ್ಲ. ನಿಮ್ಮ ಮಳೆಯ ಅಂಕಿಗಳು ಬಹುಮಟ್ಟಿಗೆ ಬದಲಾಗಿಯೇ ಇಲ್ಲ. ಆದರೆ ಅದು ಅವರಿಗೆ ಗೊತ್ತಾದದ್ದು ಹೇಗೆ? ಅನುಭವದಿಂದ. ನಿಮ್ಮ ಪ್ರಬಂಧವನ್ನು ಓದುವ ಪರೀಕ್ಷಕರಿಗೆ, ಐದು ವರ್ಷದ ಮೇಲೆ ನಿಮ್ಮ ಫೈಲು ಇಳಿಸಿಕೊಳ್ಳುವ ಇನ್ನೊಬ್ಬ ವಿದ್ಯಾರ್ಥಿಗೆ ಆ ಅನುಭವ ಇರುವುದಿಲ್ಲ. ಅವರ ಕೈಯಲ್ಲಿ ಇರುವುದು ಫೈಲು ಮಾತ್ರ.

ಮೊದಲು ಹ್ಯಾಶ್ ಏನು ಮಾಡುತ್ತದೆ ನೋಡೋಣ. ಫೈಲು ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಅದರ ಎಲ್ಲ ಬೈಟುಗಳನ್ನೂ ಅರೆದು 256 ಬಿಟ್‌ಗಳ ಒಂದು ಸಂಖ್ಯೆ ಕೊಡುತ್ತದೆ. ಪರದೆಯ ಮೇಲೆ ಅದು 64 ಅಕ್ಷರಗಳ ಸಾಲು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಸ್ವಲ್ಪ ಬದಲಾದರೆ ಸ್ವಲ್ಪ ಬೇರೆ ಎನ್ನುವ ಮಾತೇ ಅಲ್ಲಿಲ್ಲ. ಬದಲಾದದ್ದು ಆಗುಂಬೆಯ ಮಳೆಯೋ, ಫೈಲಿನ ಹೆಡರಿನಲ್ಲಿ, ಅಂದರೆ ತಲೆಬರಹದಲ್ಲಿರುವ ಒಂದು ಅಲ್ಪವಿರಾಮವೋ ಎಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ. ಗಾತ್ರ ಒಂದೇ ಎಂದು ಬರೆದಿದ್ದೀರಿ. ಗಾತ್ರ ಬದಲಾಗದೆ ಒಳಗಿನದು ಮಾತ್ರ ಪ್ರತಿ ಸಲ ಬದಲಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಗಡಿಯಾರವನ್ನು. ಬೆಳಿಗ್ಗೆ ಓಡಿಸಿದರೂ ರಾತ್ರಿ ಓಡಿಸಿದರೂ ದಿನಾಂಕ-ಸಮಯ ಬರೆಯಲು ಬೇಕಾಗುವ ಅಕ್ಷರಗಳ ಸಂಖ್ಯೆ ಒಂದೇ. ಎರಡೂ ಫೈಲುಗಳ ಹೆಡರನ್ನು ಎನ್‌ಸಿಡಂಪ್ ಎಂಬ ಸಾಧನದಿಂದ ಪಠ್ಯವಾಗಿ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಕೊನೆಯಲ್ಲಿ ‘ಹಿಸ್ಟರಿ’ ಎಂಬ ಒಂದು ಗುಣಲಕ್ಷಣ ಸಿಗುತ್ತದೆ. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯಲ್ಲಿ ಹುಟ್ಟಿದ ನಿಮ್ಮ ಸಿಡಿಒ ತಾನು ಮುಟ್ಟಿದ ಪ್ರತಿ ಫೈಲಿಗೂ ಅಲ್ಲಿ ಒಂದು ಸಾಲು ಸೇರಿಸುತ್ತದೆ: ಇಂಥ ವಾರ, ಇಂಥ ದಿನ, ಇಷ್ಟು ಗಂಟೆ ಇಷ್ಟು ನಿಮಿಷ ಇಷ್ಟು ಸೆಕೆಂಡಿಗೆ ಇಂಥ ಆಜ್ಞೆ ಕೊಡಲಾಯಿತು. ಅದೇ ಬಗೆಯ ಕೆಲಸ ಮಾಡುವ ಎನ್‌ಸಿಒ ಕೂಡ ಹಾಗೆಯೇ. ಒಂದೇ ಪತ್ರವನ್ನು ಎರಡು ದಿನ ಅಂಚೆಗೆ ಹಾಕಿದರೆ ಲಕೋಟೆಯ ಮೇಲಿನ ಮುದ್ರೆ ಬೇರೆ ಬೀಳುತ್ತದಲ್ಲ, ನಿಮಗಾಗಿರುವುದು ಅಷ್ಟೇ.

ಇದನ್ನು ಸಾಧನದ ದೋಷ ಎನ್ನುವಂತಿಲ್ಲ. ಹವಾಮಾನ ದತ್ತಾಂಶ ಹೇಗಿರಬೇಕು ಎಂದು ಹೇಳುವ ಸಿಎಫ್ ಒಡಂಬಡಿಕೆಯೇ ಹಿಸ್ಟರಿಯ ಪ್ರತಿ ಸಾಲನ್ನೂ ಓಡಿಸಿದ ದಿನಾಂಕ-ಸಮಯದಿಂದ ಆರಂಭಿಸಿ ಎಂದು ಶಿಫಾರಸು ಮಾಡುತ್ತದೆ. ಉದ್ದೇಶ ಒಳ್ಳೆಯದೇ. ಈ ಅಂಕಿ ಎಲ್ಲಿಂದ ಬಂತು, ಯಾರ ಕೈಯಲ್ಲಿ ಏನಾಯಿತು ಎಂಬ ಜಾಡು ಫೈಲಿನ ಜತೆಯಲ್ಲೇ ಇರಲಿ ಎಂಬುದು ಅದರ ಆಶಯ. ಆದರೆ ಜಾಡು ಉಳಿಸಲು ಬರೆದ ಸಾಲೇ ಮರುಪರೀಕ್ಷೆಗೆ ಅಡ್ಡ ಬರುತ್ತದೆ. ಒಂದು ಒಳ್ಳೆಯ ಅಭ್ಯಾಸ ಇನ್ನೊಂದು ಒಳ್ಳೆಯ ಅಭ್ಯಾಸದ ಕಾಲು ತುಳಿಯುತ್ತಿದೆ.

ನನ್ನನ್ನು ಕೇಳಿದರೆ, ಆಜ್ಞೆ ಫೈಲಿನ ಒಳಗಿರಲಿ, ಗಡಿಯಾರ ಹೊರಗಿರಲಿ. ಯಾವ ಆಜ್ಞೆಯಿಂದ ಫೈಲು ಹುಟ್ಟಿತು ಎಂಬುದು ವಿಜ್ಞಾನಕ್ಕೆ ಬೇಕಾದ ಮಾಹಿತಿ. ಅದು ಮಂಗಳವಾರ ಸಂಜೆ ಹುಟ್ಟಿತೋ ಬುಧವಾರ ಬೆಳಿಗ್ಗೆಯೋ ಎಂಬುದು ಪ್ರಯೋಗಾಲಯದ ದಿನಚರಿಗೆ ಸೇರಿದ್ದು. ಸಿಡಿಒ, ಎನ್‌ಸಿಒ ಎರಡರಲ್ಲೂ ಹಿಸ್ಟರಿ ಬರೆಯಬೇಡ ಎಂದು ಹೇಳುವ ಆಯ್ಕೆ ಇದೆ. ಅದನ್ನು ಬಳಸಿ, ಆಮೇಲೆ ಸ್ಕ್ರಿಪ್ಟಿನ ಕೊನೆಯಲ್ಲಿ ನೀವೇ ಸಮಯವಿಲ್ಲದ ಒಂದು ಹಿಸ್ಟರಿ ಸಾಲು ಸೇರಿಸಿ. ಓಡಿಸಿದ ಸಮಯ, ಕಂಪ್ಯೂಟರಿನ ಹೆಸರು ಇತ್ಯಾದಿಗಳಿಗೆ ಪಕ್ಕದಲ್ಲೇ ಒಂದು ಚಿಕ್ಕ ಪಠ್ಯ ಫೈಲು ಇಡಿ. ಅದರ ಹ್ಯಾಶ್ ಬದಲಾದರೆ ಯಾರಿಗೂ ತೊಂದರೆಯಿಲ್ಲ.

ಇಷ್ಟು ಮಾಡಿದರೆ ನಿಮ್ಮ ಸಮಸ್ಯೆ ಬಹುಶಃ ಮುಗಿಯಿತು. ಆದರೆ ನಾಳೆ ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಓಡಿಸಿದಾಗ ಮತ್ತೆ ಬೇರೆ ಬರಬಹುದು. ಏಕೆಂದರೆ ನೆಟ್‌ಸಿಡಿಎಫ್ ಗ್ರಂಥಾಲಯ ತನ್ನದೇ ಆವೃತ್ತಿ ಸಂಖ್ಯೆಯನ್ನೂ ತನ್ನ ಅಡಿಯಲ್ಲಿರುವ ಎಚ್‌ಡಿಎಫ್5 ಆವೃತ್ತಿಯನ್ನೂ ಒಂದು ಮರೆಯ ಗುಣಲಕ್ಷಣದಲ್ಲಿ ಬರೆದಿಡುತ್ತದೆ. ಸಾಮಾನ್ಯವಾಗಿ ಹೆಡರ್ ತೆಗೆದು ನೋಡಿದರೆ ಅದು ಕಾಣುವುದೂ ಇಲ್ಲ. ಸಿಡಿಒ ಕೂಡ ತನ್ನ ಆವೃತ್ತಿಯನ್ನು ಬೇರೆಯಾಗಿ ಬರೆಯುತ್ತದೆ. ನೇರವಾಗಿ ಎಚ್‌ಡಿಎಫ್5 ಬರೆಯುವವರಿಗೆ ಇನ್ನೊಂದು ಕಾಟ: ಒಳಗಿನ ಪ್ರತಿ ದತ್ತಾಂಶ ಘಟಕಕ್ಕೂ ಸಮಯ ನಮೂದಿಸುವ ಸೌಲಭ್ಯ ಅದರಲ್ಲಿದೆ, ಬೇಡವಾದರೆ ನಾವೇ ಆರಿಸಬೇಕು. ನೆಟ್‌ಸಿಡಿಎಫ್ ಗ್ರಂಥಾಲಯ ಅದನ್ನು ತಾನೇ ಆರಿಸಿಬಿಡುತ್ತದೆ. ಅಷ್ಟರಮಟ್ಟಿಗೆ ನೀವು ಅದೃಷ್ಟವಂತರು.

ಫೈಲುಗಳನ್ನು ಕಟ್ಟಿ ಕಳಿಸುವಾಗಲೂ ಸಮಯ ನುಸುಳುತ್ತದೆ. ಜಿಜಿಪ್ ಫೈಲಿನ ಆರಂಭದ 10 ಬೈಟುಗಳಲ್ಲಿ 4 ಬೈಟು ಸಮಯಕ್ಕೇ ಮೀಸಲು, ಅದರ ಹಿಂದೆಯೇ ಮೂಲ ಫೈಲಿನ ಹೆಸರೂ ಬರಬಹುದು. ಎರಡೂ ಬೇಡ ಎನ್ನಲು ‘-ಎನ್’ ಎಂಬ ಆಯ್ಕೆ ಇದೆ. ಟಾರ್ ಕಟ್ಟುಗಳಲ್ಲಿ ಫೈಲು ಬದಲಾದ ಸಮಯ, ಅದರ ಒಡೆಯನ ಸಂಖ್ಯೆ, ಫೈಲುಗಳು ಒಳಹೊಕ್ಕ ಅನುಕ್ರಮ ಎಲ್ಲವೂ ಸೇರಿರುತ್ತವೆ. ಜಿಪ್‌ನದು ಇನ್ನೂ ತಮಾಷೆ. ಡಾಸ್ ಕಾಲದಿಂದ ಬಂದ ಅದರ ಸಮಯ 1980ಕ್ಕೆ ಶುರುವಾಗುತ್ತದೆ, ಎರಡೆರಡು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ, ಯಾವ ದೇಶದ ಗಡಿಯಾರ ಎಂದು ಹೇಳುವುದಿಲ್ಲ. ಹಾಗಾಗಿ ಬೇಗ ಬೇಗ ಎರಡು ಸಲ ಫೈಲು ತಯಾರಿಸಿ ಕಟ್ಟಿದರೆ ಹ್ಯಾಶ್ ಒಂದೇ ಬರಬಹುದು, ಚಹಾ ಕುಡಿದು ಬಂದು ಮತ್ತೆ ತಯಾರಿಸಿ ಕಟ್ಟಿದರೆ ಬೇರೆ. ಇಂಥ ‘ಒಮ್ಮೊಮ್ಮೆ ಬರುವ’ ವ್ಯತ್ಯಾಸಗಳೇ ಮನುಷ್ಯರನ್ನು ಹೆಚ್ಚು ಸತಾಯಿಸುವುದು.

ಸಾಫ್ಟ್‌ವೇರ್ ಜನ ಈ ಕಾಟವನ್ನು ವಿಜ್ಞಾನಿಗಳಿಗಿಂತ ಮೊದಲೇ ಗಂಭೀರವಾಗಿ ತೆಗೆದುಕೊಂಡರು. ಅವರನ್ನು ನಡೆಸಿದ್ದು ಭಯ. ಪ್ರಕಟಿತ ಮೂಲ ಸಂಕೇತದಿಂದಲೇ ಈ ಪ್ರೋಗ್ರಾಂ ತಯಾರಾಯಿತೇ, ನಡುವೆ ಯಾರಾದರೂ ಏನಾದರೂ ಸೇರಿಸಿದರೇ ಎಂದು ತಿಳಿಯುವುದು ಹೇಗೆ? ಬೇರೆ ಬೇರೆಯವರು ಬೇರೆ ಬೇರೆ ಕಡೆ ಅದನ್ನು ತಯಾರಿಸಿ, ಬೈಟಿಗೆ ಬೈಟ್ ಒಂದೇ ಬಂತೆಂದು ತೋರಿಸಿದರೆ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಟಾರ್ ಬ್ರೌಸರ್ (ಮೇಲಿನ ಟಾರ್ ಕಟ್ಟಿಗೂ ಇದಕ್ಕೂ ನಂಟಿಲ್ಲ) ತಂಡ ಮತ್ತು ಡೆಬಿಯನ್ ಲಿನಕ್ಸ್ ಸ್ವಯಂಸೇವಕರು 2013ರ ಸುಮಾರಿಗೆ ಈ ಕೆಲಸಕ್ಕೆ ಇಳಿದರು. ಅವರ ಚಳವಳಿಯಿಂದ ಬಂದ ಒಂದು ಸರಳ ಒಪ್ಪಂದ ನಿಮಗೂ ಉಪಯೋಗಕ್ಕೆ ಬರುತ್ತದೆ. ‘ಸೋರ್ಸ್ ಡೇಟ್ ಇಪಾಕ್’ ಎಂಬ ಹೆಸರಿನ ಪರಿಸರ ಚರಕ್ಕೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಒಂದು ಸಂಖ್ಯೆ ಕೊಟ್ಟರೆ, ಅದನ್ನು ಗೌರವಿಸುವ ಸಾಧನಗಳು ಗಡಿಯಾರ ನೋಡುವ ಬದಲು ಆ ಸಂಖ್ಯೆಯನ್ನೇ ಬರೆಯುತ್ತವೆ. ನೀವು ನಕ್ಷೆ ಬಿಡಿಸಲು ಬಳಸುತ್ತಿರಬಹುದಾದ ಮ್ಯಾಟ್‌ಪ್ಲಾಟ್‌ಲಿಬ್ ಅಂಥವುಗಳಲ್ಲಿ ಒಂದು. ಪಿಡಿಎಫ್ ಚಿತ್ರಗಳು ಪ್ರತಿ ಸಲ ಬೇರೆಯಾಗುವುದು ಇದರಿಂದ ನಿಲ್ಲುತ್ತದೆ. ಎರಡು ಫೈಲುಗಳನ್ನು ಪದರ ಪದರವಾಗಿ ಬಿಚ್ಚಿ ವ್ಯತ್ಯಾಸ ತೋರಿಸುವ ಡಿಫೋಸ್ಕೋಪ್ ಎಂಬ ಸಾಧನವೂ ಅವರದೇ.

ಕಂಪ್ರೆಷನ್ ಬಗ್ಗೆ ಬೇರೆಯಾಗಿಯೇ ಎಚ್ಚರಿಸಬೇಕು. ಬಿಚ್ಚಿದಾಗ ಮೂಲ ಫೈಲು ಅಕ್ಷರಶಃ ಮರಳಿ ಸಿಗಬೇಕು, ಕಂಪ್ರೆಷನ್ ಕೊಡುವ ವಾಗ್ದಾನ ಇಷ್ಟೇ. ಕಟ್ಟಿದಾಗಿನ ಬೈಟುಗಳು ಎಂದೆಂದೂ ಒಂದೇ ಇರುತ್ತವೆ ಎಂದು ಅದು ಎಲ್ಲೂ ಮಾತು ಕೊಟ್ಟಿಲ್ಲ. 2023ರ ಜನವರಿ 30ರಂದು ಇದು ಜಗಜ್ಜಾಹೀರಾಯಿತು. ಅಲ್ಲಿಯವರೆಗೆ ಮೂಲ ಸಂಕೇತದ ಕಟ್ಟುಗಳನ್ನು ತಯಾರಿಸಲು, ಸಂಕೇತದ ಆವೃತ್ತಿಗಳನ್ನು ಕಾಪಾಡುವ ಸಾಧನವಾದ ಗಿಟ್ ಹೊರಗಿನ ಜಿಜಿಪ್ ಪ್ರೋಗ್ರಾಮನ್ನು ಕರೆಯುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದನ್ನು ಬಿಟ್ಟು ತನ್ನೊಳಗಿನ ಕಂಪ್ರೆಷನ್ ಬಳಸತೊಡಗಿತು. ಸಂಕೇತ ಹಂಚುವ ಜಾಲತಾಣ ಗಿಟ್‌ಹಬ್ ಆ ಹೊಸ ಆವೃತ್ತಿಗೆ ಬದಲಾದದ್ದೇ ತಡ, ಅಲ್ಲಿಂದ ಇಳಿಸುವ ಅಸಂಖ್ಯಾತ ಕಟ್ಟುಗಳ ಹ್ಯಾಶ್ ಒಮ್ಮೆಲೇ ಬದಲಾಯಿತು. ಒಳಗಿನ ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಹಳೆಯ ಹ್ಯಾಶ್ ಬರೆದಿಟ್ಟುಕೊಂಡು ತಾಳೆ ನೋಡುತ್ತಿದ್ದ ವ್ಯವಸ್ಥೆಗಳೆಲ್ಲ ಎಲ್ಲೆಡೆ ಕೈಯೆತ್ತಿ ನಿಂತವು. ಗಿಟ್‌ಹಬ್ ಅದೇ ದಿನ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನೆಟ್‌ಸಿಡಿಎಫ್-4 ಫೈಲಿನ ಒಳಗೂ ಇದೇ ಬಗೆಯ ಕಂಪ್ರೆಷನ್ ಇರಬಹುದು. ಆದ್ದರಿಂದ ಹತ್ತು ವರ್ಷ ನಿಲ್ಲಬೇಕಾದ ಹ್ಯಾಶ್ ಬೇಕಿದ್ದರೆ ಕಟ್ಟಿದ ಫೈಲಿನದಲ್ಲ, ಬಿಚ್ಚಿದ ಅಂಕಿಗಳ ಹ್ಯಾಶ್ ತೆಗೆದಿಡಿ. ಪ್ರತಿ ಚರದ ಅಂಕಿಗಳನ್ನು ಒಂದು ನಿಗದಿತ ಕ್ರಮದಲ್ಲಿ, ಬೈಟುಗಳ ದಿಕ್ಕನ್ನೂ ನಿಗದಿ ಮಾಡಿ ಹರಿಯಬಿಟ್ಟು ಹ್ಯಾಶ್ ಲೆಕ್ಕ ಹಾಕಿದರಾಯಿತು. ಪೈಥಾನ್‌ನಲ್ಲಿ ಇದು ಹತ್ತು ಸಾಲಿನ ಕೆಲಸ.

ಖಗೋಳ ವಿಜ್ಞಾನಿಗಳು ಈ ಉಪಾಯವನ್ನು ತಮ್ಮ ಫೈಲಿನೊಳಗೇ ಸೇರಿಸಿಕೊಂಡಿದ್ದಾರೆ. ಅವರ ಫಿಟ್ಸ್ ಮಾದರಿ ಪ್ರಕಟವಾದದ್ದು 1981ರಲ್ಲಿ. ಇಂದಿಗೂ ಹೆಡರ್‌ನ ಒಂದು ಸಾಲಿಗೆ 80 ಅಕ್ಷರ, ಒಂದು ಖಂಡಕ್ಕೆ 2,880 ಬೈಟು ಎಂಬ ಹಳೆಯ ಶಿಸ್ತಿನಲ್ಲೇ ನಡೆಯುತ್ತಿದೆ. ಅದರಲ್ಲಿ ಫೈಲು ಹುಟ್ಟಿದ ದಿನಾಂಕಕ್ಕೆ ಒಂದು ಜಾಗವಿದೆ. ಜತೆಗೆ ಎರಡು ತಾಳೆಮೊತ್ತಗಳಿಗೂ ಜಾಗವಿದೆ: ಒಂದು ಹೆಡರ್ ಸೇರಿ ಇಡೀ ಘಟಕದ್ದು, ಇನ್ನೊಂದು ದತ್ತಾಂಶದ್ದು ಮಾತ್ರ. ದಿನಾಂಕ ಬದಲಾದರೆ ಮೊದಲನೆಯದು ಬದಲಾಗುತ್ತದೆ, ಎರಡನೆಯದು ಅಲುಗುವುದಿಲ್ಲ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರ ಹಂಚುವ ಆಸ್ಟ್ರೋಸ್ಯಾಟ್ ವೀಕ್ಷಣೆಗಳೂ ಫಿಟ್ಸ್ ಮಾದರಿಯಲ್ಲೇ ಇವೆ. ಆಸಕ್ತಿಯಿದ್ದರೆ ಒಂದನ್ನು ಇಳಿಸಿ ಹೆಡರ್ ಓದಿ ನೋಡಿ. ಒಂದು ಮಾತು ನೆನಪಿರಲಿ: ಫಿಟ್ಸ್‌ನ ತಾಳೆಮೊತ್ತ 32 ಬಿಟ್‌ಗಳ ಸರಳ ಕೂಡುವಿಕೆ. ಆಕಸ್ಮಿಕ ಹಾಳನ್ನು ಅದು ಹಿಡಿಯುತ್ತದೆ, ಬೇಕೆಂದೇ ತಿದ್ದಿದವರನ್ನು ಹಿಡಿಯುವುದಿಲ್ಲ. ಅದಕ್ಕೆ ಎಸ್‌ಎಚ್‌ಎ-256 ಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿರುಪದ್ರವಿ ವ್ಯತ್ಯಾಸಗಳ ಕಥೆ. ‘ಹೆಡರ್ ತಾನೇ, ಇರಲಿ ಬಿಡಿ’ ಎಂದು ಸುಮ್ಮನಾಗುವವರಿಗೆ ನಾನು ಹೇಳುವ ಪ್ರಸಂಗ ಬೇರೆ. ಅದು ರಸಾಯನ ವಿಜ್ಞಾನದಲ್ಲಿ ನಡೆದದ್ದು.

ಒಂದು ಅಣುವಿನ ರಚನೆ ಸರಿಯಾಗಿ ಊಹಿಸಿದ್ದೇವೆಯೇ ಎಂದು ನೋಡಲು ಅದರ ಎನ್‌ಎಂಆರ್ ರೋಹಿತವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಪ್ರಯೋಗದಲ್ಲಿ ಸಿಕ್ಕ ರೋಹಿತದ ಜತೆ ಹೋಲಿಸುತ್ತಾರೆ. ಆ ಲೆಕ್ಕಕ್ಕೆ ನೆರವಾಗುವ ಪೈಥಾನ್ ಸ್ಕ್ರಿಪ್ಟುಗಳನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಬಹಳ ಜನ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ತಂಡವೊಂದು ಸಯನೋಬ್ಯಾಕ್ಟೀರಿಯಾದಿಂದ ತೆಗೆದ ಕೆಲವು ಸಂಯುಕ್ತಗಳ ಮೇಲೆ ಅದನ್ನೇ ಓಡಿಸಿದಾಗ ಒಂದು ವಿಚಿತ್ರ ಕಂಡಿತು. ಅದೇ ಇನ್‌ಪುಟ್ ಫೈಲುಗಳು, ಅದೇ ಸ್ಕ್ರಿಪ್ಟ್. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ವಿಂಡೋಸ್‌ನಲ್ಲಿ ಒಂದು, ಉಬುಂಟುವಿನಲ್ಲಿ ಇನ್ನೊಂದು.

ಕಾರಣ ಹುಡುಕಿದರೆ ಸಿಕ್ಕಿದ್ದು ಒಂದು ಚಿಕ್ಕ ನಂಬಿಕೆ. ಸ್ಕ್ರಿಪ್ಟ್ ಒಂದು ಕಡತಕೋಶದಲ್ಲಿರುವ ಫೈಲುಗಳ ಪಟ್ಟಿ ಕೇಳುತ್ತಿತ್ತು. ಹೆಸರಿನ ಅನುಕ್ರಮದಲ್ಲಿಯೇ ಪಟ್ಟಿ ಬರುತ್ತದೆ ಎಂದು ನಂಬಿ, ಒಂದು ಬಗೆಯ ಫೈಲಿನ ಅಂಕಿಯನ್ನು ಇನ್ನೊಂದು ಬಗೆಯ ಫೈಲಿನ ಅಂಕಿಗೆ ಜೋಡಿ ಮಾಡುತ್ತಿತ್ತು. ಪೈಥಾನ್ ಅಂಥ ಭರವಸೆ ಕೊಟ್ಟಿರಲಿಲ್ಲ. ಅದು ಕಾರ್ಯಾಚರಣ ವ್ಯವಸ್ಥೆ ಕೊಟ್ಟ ಕ್ರಮದಲ್ಲೇ ಪಟ್ಟಿ ದಾಟಿಸುತ್ತದೆ. ಬರೆದವರ ಕಂಪ್ಯೂಟರಿನಲ್ಲಿ ಕ್ರಮ ಸರಿಯಾಗಿಯೇ ಬರುತ್ತಿತ್ತು. ಬೇರೆಯವರಲ್ಲಿ ತಪ್ಪಿ, ಒಂದರ ಅಂಕಿ ಇನ್ನೊಂದಕ್ಕೆ ಅಂಟಿಕೊಂಡಿತು. ಪರಿಹಾರ ಬಲು ಸರಳ, ಪಟ್ಟಿಯನ್ನು ಸಾರ್ಟ್ ಮಾಡಿ ಆಮೇಲೆ ಬಳಸುವುದು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಪ್ರಬಂಧಗಳು ಆ ಸ್ಕ್ರಿಪ್ಟುಗಳನ್ನು ಉಲ್ಲೇಖಿಸಿದ್ದವು. ಎಲ್ಲವೂ ತಪ್ಪು ಎಂದಲ್ಲ, ಯಾವುದು ತಪ್ಪಿರಬಹುದು ಎಂದು ಪ್ರತಿಯೊಂದನ್ನೂ ತಿರುಗಿ ನೋಡಬೇಕಾಯಿತು ಎಂದು.

ಇಲ್ಲಿ ಎರಡು ಸಂಗತಿ ಗಮನಿಸಿ. ಯಾವುದೇ ಒಂದು ಕಂಪ್ಯೂಟರಿನಲ್ಲಿ ಆ ಸ್ಕ್ರಿಪ್ಟ್ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿತ್ತು. ಅಂದರೆ ಬೈಟಿಗೆ ಬೈಟ್ ಒಂದೇ ಇದ್ದ ಮಾತ್ರಕ್ಕೆ ಉತ್ತರ ಸರಿ ಎಂದೇನೂ ಅಲ್ಲ, ತಪ್ಪು ಕೂಡ ಶ್ರದ್ಧೆಯಿಂದ ಪುನರಾವರ್ತನೆಯಾಗಬಲ್ಲದು. ಇನ್ನೊಂದು, ಫೈಲುಗಳು ಹೇಗೂ ಪ್ರತಿ ಸಲ ಬೇರೆಯೇ ಎಂಬ ಅಭ್ಯಾಸ ಬಿದ್ದಿದ್ದರೆ ಎರಡು ಕಂಪ್ಯೂಟರುಗಳ ನಡುವಿನ ಈ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಡಿಯಾರದಂಥ ಕ್ಷುಲ್ಲಕ ಕಾರಣಗಳನ್ನು ಮೊದಲು ತೆಗೆದುಹಾಕಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅವನ್ನು ತೆಗೆದ ಮೇಲೆ ಉಳಿಯುವ ಪ್ರತಿ ವ್ಯತ್ಯಾಸವೂ ನೋಡಲು ಯೋಗ್ಯವಾದದ್ದು.

ಅನುಕ್ರಮದ ಕಾಟ ಫೈಲು ಪಟ್ಟಿಗಷ್ಟೇ ಸೀಮಿತವಲ್ಲ. ಪೈಥಾನ್‌ನ ‘ಸೆಟ್’ನಲ್ಲಿ ಪದಗಳನ್ನಿಟ್ಟು ಒಂದೊಂದಾಗಿ ಹೊರತೆಗೆದರೆ ಪ್ರತಿ ಸಲ ಬೇರೆ ಕ್ರಮದಲ್ಲಿ ಬರಬಹುದು. ಬೇಕೆಂದೇ ಕಿಡಿಗೇಡಿ ಪದಗಳನ್ನು ಕಳಿಸಿ ಸರ್ವರ್ ಸ್ತಬ್ಧಗೊಳಿಸುವವರನ್ನು ತಡೆಯಲು 3.3ನೇ ಆವೃತ್ತಿಯಿಂದ ಪೈಥಾನ್ ಇದನ್ನು ಉದ್ದೇಶಪೂರ್ವಕವಾಗಿಯೇ ಕಲಸುತ್ತದೆ. ಸಾರ್ಟ್ ಮಾಡಿದರೂ ನಿರಾತಂಕವಲ್ಲ: ಲಿನಕ್ಸ್‌ನ ಸಾರ್ಟ್ ಆಜ್ಞೆ ನಿಮ್ಮ ಕಂಪ್ಯೂಟರಿನ ಭಾಷೆ-ಪ್ರದೇಶದ ಸೆಟ್ಟಿಂಗ್ ನೋಡಿ ಕ್ರಮ ನಿರ್ಧರಿಸುತ್ತದೆ. ಅದನ್ನೂ ಸ್ಕ್ರಿಪ್ಟಿನಲ್ಲೇ ನಿಗದಿ ಮಾಡಿಬಿಡಿ.

ನಿಮ್ಮ ಕೋಷ್ಟಕದಲ್ಲಿ ಜಿಲ್ಲೆಗಳ ಹೆಸರು ಕನ್ನಡದಲ್ಲಿದ್ದರೆ ನಮ್ಮದೇ ಒಂದು ವಿಶೇಷವಿದೆ. ‘ಕೋಲಾರ’ ಎಂಬುದನ್ನು ಯೂನಿಕೋಡ್‌ನಲ್ಲಿ ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ‘ಕ’ ಆದ ಮೇಲೆ ಓತ್ವಕ್ಕೆ ಒಂದೇ ಸಂಕೇತ ಬಳಸಬಹುದು, ಇಲ್ಲವೇ ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ಬಿಡಿ ಸಂಕೇತಗಳಾಗಿ ಬರೆಯಬಹುದು. ಎರಡೂ ಸಮಾನ ಎಂದು ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬೇಕು. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಮೊದಲ ರೀತಿಯಲ್ಲಿ ‘ಕೋಲಾರ’ 15 ಬೈಟು, ಎರಡನೆಯದರಲ್ಲಿ 21. ಹ್ಯಾಶ್ ಬೇರೆ ಬರುವುದು ಹಾಗಿರಲಿ, ಎರಡು ಕೋಷ್ಟಕಗಳನ್ನು ಜಿಲ್ಲೆಯ ಹೆಸರಿನಿಂದ ಜೋಡಿಸಲು ಹೋದರೆ ಕೋಲಾರವೇ ನಾಪತ್ತೆಯಾಗಬಹುದು. ಒತ್ತಕ್ಷರ ತಡೆಯಲು ಹಾಕುವ ಶೂನ್ಯ ಅಗಲದ ಕಾಣದ ಅಕ್ಷರವೂ ಇಂಥದ್ದೇ, ಕಣ್ಣಿಗೆ ಏನೂ ಇಲ್ಲ, ಫೈಲಿನಲ್ಲಿ 3 ಬೈಟು ಕೂತಿರುತ್ತದೆ. ಕನ್ನಡ ಪಠ್ಯವನ್ನು ಫೈಲಿಗೆ ಬರೆಯುವ ಮುನ್ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಅದಕ್ಕೆ ಸಿದ್ಧ ಸೌಲಭ್ಯವಿದೆ. ಕಾಣದ ಅಕ್ಷರ ಮಾತ್ರ ಅದರಿಂದ ಹೋಗುವುದಿಲ್ಲ, ನೀವೇ ನೋಡಿ ತೆಗೆಯಬೇಕು ಅಥವಾ ಎಲ್ಲೆಡೆ ಒಂದೇ ರೀತಿ ಉಳಿಸಬೇಕು.

ಇನ್ನು ಕಷ್ಟದ ಭಾಗ, ಅಂಕಗಣಿತ.

ಶಾಲೆಯಲ್ಲಿ ಮೂರು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ ಎಂದು ಕಲಿತಿದ್ದೇವೆ. ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳಿಗೆ ಅದು ನಿಜವಲ್ಲ. ಪೈಥಾನ್ ತೆರೆದು 0.1 ಮತ್ತು 0.2 ಕೂಡಿ ಆಮೇಲೆ 0.3 ಸೇರಿಸಿ: 0.6000000000000001 ಬರುತ್ತದೆ. 0.2 ಮತ್ತು 0.3 ಮೊದಲು ಕೂಡಿ ಆಮೇಲೆ 0.1 ಸೇರಿಸಿದರೆ ಸರಿಯಾಗಿ 0.6. 1985ರ ಐಇಇಇ 754 ಮಾನಕದ ಪ್ರಕಾರ ಒಂದು ‘ಡಬಲ್’ ಸಂಖ್ಯೆಗೆ 53 ಬಿಟ್‌ಗಳಷ್ಟೇ ನಿಖರತೆ. ಪ್ರತಿ ಕೂಡುವಿಕೆಯ ನಂತರವೂ ಹೆಚ್ಚಾದದ್ದನ್ನು ದುಂಡು ಮಾಡಲೇಬೇಕು. ಎಲ್ಲಿ ದುಂಡಾಯಿತು ಎಂಬುದು ಕ್ರಮದ ಮೇಲೆ ನಿಂತಿದೆ. 1ರ ಮುಂದೆ 16 ಸೊನ್ನೆ ಇರುವ ಸಂಖ್ಯೆಗೆ 1 ಕೂಡಿ, ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಉಳಿಯುವುದು 1 ಅಲ್ಲ, 0. ಆ ಒಂದು ನುಂಗಿಹೋಗಿರುತ್ತದೆ.

ನಿಮ್ಮ ಸ್ಕ್ರಿಪ್ಟ್ ನಾಲ್ಕು ಕೋರ್‌ಗಳಲ್ಲಿ ಹಂಚಿ ಕೂಡಿದರೆ ಒಂದು ಕ್ರಮ, ಎಂಟರಲ್ಲಿ ಇನ್ನೊಂದು. ಜಿಪಿಯು ಆದರೆ ಯಾವ ಎಳೆ ಮೊದಲು ಮುಗಿಸಿತೋ ಅದು ಮೊದಲು ಕೂಡುತ್ತದೆ, ಹಾಗಾಗಿ ಅದೇ ಯಂತ್ರದಲ್ಲೇ ಎರಡು ಸಲಕ್ಕೆ ಎರಡು ಮೊತ್ತ ಬರಬಹುದು. ಗಣಿತ ಗ್ರಂಥಾಲಯಗಳು ಪ್ರೊಸೆಸರ್ ಯಾವುದೆಂದು ನೋಡಿ ಅದಕ್ಕೆ ತಕ್ಕ ಸಂಕೇತ ಆರಿಸಿಕೊಳ್ಳುತ್ತವೆ. ಆದ್ದರಿಂದ ಎಲ್ಲ ಆವೃತ್ತಿಗಳನ್ನೂ ಕಂಟೇನರಿನಲ್ಲಿ ಕಟ್ಟಿ ಒಯ್ದರೂ ಬೇರೆ ಪ್ರೊಸೆಸರಿನಲ್ಲಿ ಕೊನೆಯ ಅಂಕಿ ಅಲುಗಾಡುವುದುಂಟು.

ಕೊನೆಯ ಅಂಕಿ ತಾನೇ ಎನ್ನುವ ಮುನ್ನ ಎಡ್ವರ್ಡ್ ಲೊರೆಂಜ್ ಅವರನ್ನು ನೆನೆಯಬೇಕು. 1961ರಲ್ಲಿ ಎಂಐಟಿಯಲ್ಲಿ ರಾಯಲ್ ಮೆಕ್‌ಬೀ ಕಂಪ್ಯೂಟರಿನ ಮೇಲೆ ಒಂದು ಸರಳ ಹವಾಮಾನ ಮಾದರಿ ಓಡಿಸುತ್ತಿದ್ದರು. ಒಂದು ಓಟವನ್ನು ನಡುವಿನಿಂದ ಮತ್ತೆ ಶುರು ಮಾಡಲು ಮುದ್ರಿತ ಹಾಳೆಯಿಂದ ಅಂಕಿಗಳನ್ನು ನಮೂದಿಸಿದರು. ಯಂತ್ರದ ನೆನಪಿನಲ್ಲಿ ಇದ್ದದ್ದು 0.506127, ಹಾಳೆಯಲ್ಲಿ ಜಾಗ ಉಳಿಸಲು ಮುದ್ರಿಸಿದ್ದು 0.506. ಮಾದರಿಯ ಎರಡನೇ ತಿಂಗಳ ಹೊತ್ತಿಗೆ ಹೊಸ ಹವಾಮಾನಕ್ಕೂ ಹಳೆಯದಕ್ಕೂ ಯಾವ ಹೋಲಿಕೆಯೂ ಉಳಿದಿರಲಿಲ್ಲ. ಅವ್ಯವಸ್ಥೆಯ ಗಣಿತ ಅಲ್ಲಿಂದ ಬೆಳೆಯಿತು ಎಂಬ ಕಥೆ ನಿಮಗೆ ಗೊತ್ತಿರುತ್ತದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಮುನ್ಸೂಚನೆ ಮತ್ತು ಹವಾಗುಣ ಮಾದರಿಗಳಲ್ಲಿ ಒಂದು ಬಿಟ್‌ನ ವ್ಯತ್ಯಾಸ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ಅಮೆರಿಕದ ವಾಯುಮಂಡಲ ಸಂಶೋಧನಾ ಕೇಂದ್ರ ಎನ್‌ಸಿಎಆರ್‌ನಂಥ ಕಡೆ ಮಾದರಿಯನ್ನು ಹೊಸ ಯಂತ್ರಕ್ಕೆ ಒಯ್ದಾಗ ಬೈಟಿನ ಸಮಾನತೆ ಕೇಳುವುದನ್ನೇ ಬಿಟ್ಟು, ಆರಂಭದ ಉಷ್ಣಾಂಶವನ್ನು 14ನೇ ದಶಮಾಂಶ ಸ್ಥಾನದಷ್ಟು ಅಲುಗಿಸಿದ ಹಲವು ಓಟಗಳ ಗುಂಪಿನೊಳಗೆ ಹೊಸ ಉತ್ತರ ಬೀಳುತ್ತದೆಯೇ ಎಂದು ಸಂಖ್ಯಾಶಾಸ್ತ್ರದಿಂದ ಅಳೆಯುತ್ತಾರೆ.

ನಿಮ್ಮ ಕೆಲಸ ಮಾದರಿಯಲ್ಲ, ಸರಾಸರಿ. ಅಲ್ಲಿ ಸಣ್ಣ ವ್ಯತ್ಯಾಸ ಸಣ್ಣದಾಗಿಯೇ ಉಳಿಯುತ್ತದೆ. ಒಂದೇ ಕೋರ್‌ನಲ್ಲಿ, ನಿಗದಿತ ಕ್ರಮದಲ್ಲಿ ಕೂಡಿಸಿ. 0.25 ಡಿಗ್ರಿ ಗ್ರಿಡ್ಡಿನ ಮಳೆ ದತ್ತಾಂಶಕ್ಕೆ ಲ್ಯಾಪ್‌ಟಾಪಿನ ಒಂದು ಕೋರ್ ಧಾರಾಳ ಸಾಕು. ಉತ್ತರವನ್ನು ನಾಲ್ಕು ದಶಮಾಂಶಕ್ಕೆ ದುಂಡು ಮಾಡಿ ಬರೆದರೆ ಯಂತ್ರದಿಂದ ಯಂತ್ರಕ್ಕೆ ಬರುವ ಅಲುಗಾಟ ಬಹುಪಾಲು ಅಳಿಸಿಹೋಗುತ್ತದೆ. ಪೂರ್ತಿ ಅಲ್ಲ, ಏಕೆಂದರೆ ದುಂಡು ಮಾಡುವ ಗಡಿಯ ಮೇಲೇ ಕೂತ ಅಂಕಿ ಅತ್ತ ಅಥವಾ ಇತ್ತ ಬೀಳಬಹುದು. ತದ್ವಿರುದ್ಧವಾಗಿ, ಸಂಖ್ಯೆಯನ್ನು ಪಠ್ಯವಾಗಿ ಬರೆದು ಮುಂದಿನ ಲೆಕ್ಕಕ್ಕೆ ಮತ್ತೆ ಓದುವುದಿದ್ದರೆ ದುಂಡು ಮಾಡಬೇಡಿ. 17 ಅಂಕಿ ಬರೆದರೆ ಯಾವ ಡಬಲ್ ಸಂಖ್ಯೆಯೂ ಒಂದು ಬಿಟ್ ಕಳೆಯದೆ ಮರಳುತ್ತದೆ.

ಎಷ್ಟು ದೂರ ಹೋಗಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಇದು. ಒಂದೇ ಯಂತ್ರದಲ್ಲಿ, ಅದೇ ಆವೃತ್ತಿಗಳಲ್ಲಿ ಬೈಟಿಗೆ ಬೈಟ್ ಒಂದೇ ಬರಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಬರದಿದ್ದರೆ ನಿಮ್ಮ ಸ್ಕ್ರಿಪ್ಟಿನಲ್ಲಿ ನಿಮಗೆ ಗೊತ್ತಿಲ್ಲದ ಏನೋ ನಡೆಯುತ್ತಿದೆ. ಬೇರೆ ಯಂತ್ರದಲ್ಲಿ ಅಂಕಿಗಳ ಹ್ಯಾಶ್ ಹೊಂದಿದರೆ ಸಂತೋಷ. ಹೊಂದದಿದ್ದರೆ ಎಷ್ಟು ವ್ಯತ್ಯಾಸ ಸಹ್ಯ ಎಂದು ಮೊದಲೇ ಬರೆದಿಟ್ಟ ಮಿತಿಯೊಳಗೆ ಇದೆಯೇ ನೋಡಿ. ಮಿತಿಯನ್ನು ಫಲಿತಾಂಶ ನೋಡಿದ ಮೇಲೆ ಹಾಕಿಕೊಳ್ಳುವುದು ಮೋಸ. ಹತ್ತು ವರ್ಷದ ನಂತರವೂ ಅದೇ ಬೈಟುಗಳು ಬರಲಿ ಎಂದು ಆಸೆ ಪಡುವುದು ಅತಿಯಾಯಿತು. ‘ರಿಸೈನ್ಸ್ ಸಿ’ ಎಂಬ ಪತ್ರಿಕೆ ಸಂಶೋಧಕರಿಗೆ ಒಂದು ಸವಾಲು ಹಾಕಿತ್ತು: ಹತ್ತು ವರ್ಷಕ್ಕೂ ಹಳೆಯ ನಿಮ್ಮದೇ ಪ್ರಬಂಧದ ಪ್ರೋಗ್ರಾಮನ್ನು ಈಗ ಓಡಿಸಿ ತೋರಿಸಿ. ಬೇರೆಯವರದಲ್ಲ, ತಮ್ಮದೇ ಸಂಕೇತ. ಅದು ಸವಾಲಾಗಿತ್ತು ಎಂಬುದೇ ಪರಿಸ್ಥಿತಿ ಏನೆಂದು ಹೇಳುತ್ತದೆ.

ಪ್ರಬಂಧದ ಅನುಬಂಧದಲ್ಲಿ ಅರ್ಧ ಪುಟ ಮೀಸಲಿಡಿ. ಇಳಿಸಿಕೊಂಡ ಮೂಲ ಫೈಲುಗಳ ಹ್ಯಾಶ್, ಅಂತಿಮ ಫೈಲಿನ ಹ್ಯಾಶ್, ಅದರೊಳಗಿನ ಅಂಕಿಗಳ ಹ್ಯಾಶ್, ಸಾಧನಗಳ ಆವೃತ್ತಿ, ಪ್ರೊಸೆಸರ್ ಯಾವುದು, ಸಹ್ಯ ಮಿತಿ ಎಷ್ಟು ಎಂಬಿಷ್ಟು ಅಲ್ಲಿರಲಿ. ಮೂಲ ಫೈಲಿನ ಹ್ಯಾಶನ್ನು ಮಾತ್ರ ಮರೆಯಬೇಡಿ. ಇಲಾಖೆ ಮುಂದೆ ಅದೇ ಹೆಸರಿನಲ್ಲಿ ಪರಿಷ್ಕೃತ ಅಂಕಿಗಳನ್ನು ಇಟ್ಟರೆ, ನಿಮ್ಮ ಉತ್ತರ ಯಾರಿಗೂ ಮರಳಿ ಸಿಗದಿದ್ದರೂ ಏಕೆ ಸಿಗಲಿಲ್ಲ ಎಂಬುದಾದರೂ ಗೊತ್ತಾಗುತ್ತದೆ. ಸಲ್ಲಿಸುವ ಮುನ್ನ ವಿಭಾಗದ ಇನ್ನೊಬ್ಬರ ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಬೇರೆ ಕಾರ್ಯಾಚರಣ ವ್ಯವಸ್ಥೆ ಇರುವುದರಲ್ಲಿ, ನೀವು ಪಕ್ಕದಲ್ಲಿ ನಿಲ್ಲದೆ, ಅವರೇ ನಿಮ್ಮ ಸ್ಕ್ರಿಪ್ಟ್ ಓಡಿಸಲಿ. ವ್ಯತ್ಯಾಸ ಬಂದರೆ ಕಾರಣ ಸಿಗುವವರೆಗೆ ಸಲ್ಲಿಸಬೇಡಿ.